ಪಿತೃಪಕ್ಷದಲ್ಲಿ ಮಾಡಿದ ಅಪ್‌ಡೇಟ್

ನಮ್ಮ ಆಫೀಸಿನ ರೌಟರಿಗೆ ಪ್ರತಿ ಸೋಮವಾರ ವಿಭೂತಿ ಹಚ್ಚುತ್ತಾರೆ. ಹಚ್ಚುವವರು ಮಾಲೀಕರಾದ ಗಂಗಾಧರಪ್ಪನವರು. ನಮ್ಮ ಸರ್ವರು ಇರುವುದು ಮುಂಬಯಿಯಲ್ಲಿ, ಯಾರದೋ ಕಟ್ಟಡದಲ್ಲಿ, ಬಾಡಿಗೆಗೆ. ಅದು ಕೈಗೆ ಸಿಗುವುದಿಲ್ಲವೆಂದು ಗೋಡೆಯ ಮೇಲಿನ ರೌಟರಿಗೆ ಮೂರು ಬೆರಳು ಎಳೆದು, ಎರಡು ಊದುಬತ್ತಿ ಬೆಳಗಿ, ಸರ್ವರ್ ಬೀಳದ ಹಾಗೆ ನೋಡಿಕೊಳ್ಳಪ್ಪ ಎಂದು ಕೈ ಮುಗಿಯುತ್ತಾರೆ. ಹದಿಮೂರು ವರ್ಷದಿಂದ ನೋಡುತ್ತಿದ್ದೇನೆ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು, ಈಗ ಎರಡೂ ಇಲ್ಲ. ಬರೀ ತಾತ್ಸಾರ.

ನಾನು ಉಷಾರಾಣಿ. ಚಿತ್ರದುರ್ಗದಲ್ಲೇ ಹುಟ್ಟಿ, ಇಲ್ಲೇ ಡಿಪ್ಲೊಮಾ ಓದಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಈ ಎರಡು ಕೋಣೆಯ ಆಫೀಸಿನಲ್ಲಿ ಕೂತು ಜಾವಾಸ್ಕ್ರಿಪ್ಟ್ ಬರೆಯುತ್ತೇನೆ. ಈ ಜಿಲ್ಲೆಯಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾನು ಹೇಳಿಕೊಳ್ಳುವುದಿಲ್ಲ. ಆದರೆ ಯಾರಾದರೂ ಹೇಳಿದರೆ ಬೇಡ ಅನ್ನುವುದೂ ಇಲ್ಲ. ಗಂಗಾಧರಪ್ಪನವರು ಮೊದಲು ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದವರು. ಯಾರೋ ಸ್ವಾಮಿಗಳು ಮುಂದಿನ ಕಾಲ ಕಂಪ್ಯೂಟರಿನದು ಎಂದು ಆಶೀರ್ವಾದ ಮಾಡಿದರಂತೆ, ಕಾಯಿ ಬಿಟ್ಟು ಇಲ್ಲಿಗೆ ಬಂದರು. ಕಂಪ್ಯೂಟರನ್ನು ಇವತ್ತಿಗೂ ಕಾಯಿಯ ಹಾಗೆ ಬೆರಳಲ್ಲಿ ತಟ್ಟಿ ನೋಡುತ್ತಾರೆ.

ನಮ್ಮ ಕೆಲಸ ಇಷ್ಟೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮತ್ತು ದುರ್ಗದ ಒಟ್ಟು ಹನ್ನೊಂದು ರಕ್ತಪರೀಕ್ಷೆಯ ಲ್ಯಾಬುಗಳಿಗೆ ಒಂದು ಸಾಫ್ಟ್‌ವೇರ್ ನಡೆಸುತ್ತೇವೆ. ಲ್ಯಾಬಿನವರು ರಿಪೋರ್ಟನ್ನು ಅದಕ್ಕೆ ಹಾಕುತ್ತಾರೆ, ರಕ್ತ ಕೊಟ್ಟವರ ಫೋನಿಗೆ ಒಂದು ಲಿಂಕ್ ಹೋಗುತ್ತದೆ, ಅವರು ಮನೆಯಲ್ಲೇ ಕೂತು ತಮ್ಮ ಸಕ್ಕರೆ ಎಷ್ಟಿದೆ ನೋಡಿಕೊಳ್ಳುತ್ತಾರೆ. ಲ್ಯಾಬಿನವರ ಬುದ್ಧಿವಂತಿಕೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಒಂದು ಕಡೆ ಪಾಸ್‌ವರ್ಡನ್ನು ದೊಡ್ಡಕ್ಷರದಲ್ಲಿ ಬರೆದು, ಉಗುಳಬಾರದು ಎಂಬ ಬೋರ್ಡಿನ ಪಕ್ಕದಲ್ಲೇ ಅಂಟಿಸಿದ್ದಾರೆ. ಇನ್ನೊಂದು ಕಡೆ ಕಂಪ್ಯೂಟರ್ ಆಫ್ ಮಾಡುವುದೆಂದರೆ ಪ್ಲಗ್ ಕೀಳುವುದು.

ಇಂಥವರಿಗೆ ಪ್ಯಾಕೇಜ್ ಅಂದರೇನು ಎಂದು ಹೇಗೆ ಹೇಳುವುದು? ನಮ್ಮ ಸಾಫ್ಟ್‌ವೇರಿನಲ್ಲಿ ನಾವು ಬರೆದದ್ದು ನೂರಕ್ಕೆ ಐದು ಪಾಲು. ಮಿಕ್ಕ ತೊಂಬತ್ತೈದು ಪಾಲು ಜಗತ್ತಿನ ಯಾರು ಯಾರೋ ಬರೆದು ಪುಕ್ಕಟೆ ಇಟ್ಟಿರುವ ಸಣ್ಣ ಸಣ್ಣ ಪ್ರೋಗ್ರಾಮುಗಳು. ದಿನಾಂಕ ತಿದ್ದುವುದಕ್ಕೆ ಒಂದು, ಪಿಡಿಎಫ್ ಓದುವುದಕ್ಕೆ ಒಂದು, ನಮ್ಮ ಕಪ್ಪು ಸ್ಕ್ರೀನಿನ ಮೇಲೆ ಅಕ್ಷರಕ್ಕೆ ಬಣ್ಣ ಬಳಿಯುವುದಕ್ಕೆ ಒಂದು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತಾರಲ್ಲ, ಹಾಗೆ ನಾವು ಕರೆದದ್ದು ನಲವತ್ತನ್ನು. ಒಬ್ಬನನ್ನು ಊಟಕ್ಕೆ ಕರೆದರೆ ಅವನು ತನ್ನ ಕಡೆಯ ಇಪ್ಪತ್ತು ಜನರನ್ನು ಕರೆದುಕೊಂಡು ಬಂದ ಹಾಗೆ, ಒಳಗೆ ಬಂದು ಕೂತಿರುವುದು ಒಂಬೈನೂರು. ಅವುಗಳಲ್ಲಿ ಆಗಾಗ ತೂತು ಕಾಣಿಸುತ್ತದೆ. ಬರೆದವನು ತೂತು ಮುಚ್ಚಿ ಹೊಸ ಆವೃತ್ತಿ ಕೊಡುತ್ತಾನೆ. ಅದನ್ನು ನಾವು ತರಿಸಿಕೊಳ್ಳಬೇಕು. ಅದೇ ಅಪ್‌ಡೇಟ್.

ಇದನ್ನೇ ಹಿಂದೊಮ್ಮೆ ಗಂಗಾಧರಪ್ಪನವರು ಕೇಳಿದಾಗ, ಸುಲಭವಾಗಲಿ ಎಂದು, ಹಳೇ ಸಾಮಾನು ಹೊರಗೆ ಹಾಕಿ ಹೊಸ ಸಾಮಾನು ಒಳಗೆ ತರೋದು ಅಂತ ಹೇಳಿಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅವತ್ತಿನಿಂದ ಅಪ್‌ಡೇಟ್ ಕೂಡ ಪಂಚಾಂಗದ ಕೆಳಗೆ ಬಂತು. ಮಂಗಳವಾರ ತರಬಾರದು, ರಾಹುಕಾಲದಲ್ಲಿ ತರಬಾರದು. ಅವರ ಕುರ್ಚಿಯ ಹಿಂದಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿದ ದಿನ ಮಾತ್ರ ನಾವು ಹೊಸ ಪ್ಯಾಕೇಜ್ ತರಿಸಬಹುದು. ಕಳೆದ ವರ್ಷ ನಾನು ಇದನ್ನು ಲೆಕ್ಕಿಸದೆ ಒಂದು ಅಪ್‌ಡೇಟ್ ಮಾಡಿದೆ. ಅರ್ಧ ದಿನ ಹೊಸದುರ್ಗದ ರಿಪೋರ್ಟುಗಳು ತೆರೆಯಲಿಲ್ಲ. ಅಷ್ಟಕ್ಕೇ ಅವರು ಸರ್ವರಿನ ಕೀಲಿಯನ್ನು, ಅಂದರೆ ಸರ್ವರಿಗೆ ಏನನ್ನಾದರೂ ಕಳಿಸಲು ಬೇಕಾದ ಗುಪ್ತ ಫೈಲನ್ನು, ನನ್ನಿಂದ ತೆಗೆದು ಪಲ್ಲವಿಯ ಕಂಪ್ಯೂಟರಿಗೆ ಹಾಕಿಸಿದರು.

ಪಲ್ಲವಿ ನಮ್ಮಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ದಿನಾ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಮಾತು ಕಡಿಮೆ. ಪ್ಯಾಕೇಜಿನ ಜೊತೆ ಬರುವ ಬದಲಾವಣೆಯ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಪ್ರಾಣಿಯನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ದಸರಾ ಕಳೆದ ಮೇಲೆ ಅವಳ ಕೆಲಸ ಕಾಯಂ ಮಾಡುತ್ತೇನೆಂದು ಗಂಗಾಧರಪ್ಪನವರು ಮಾತು ಕೊಟ್ಟಿದ್ದರು. ನನ್ನ ಕೈಯಿಂದ ಕಿತ್ತ ಕೀಲಿ ಆ ಹುಡುಗಿಯ ಕೈಗೆ ಹೋದದ್ದು ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಅವಳಿಗೂ ಅದು ಗೊತ್ತಾಗಿರಬೇಕು. ಒಂದು ದಿನ ತಾನಾಗಿ ಬಂದು ತನ್ನ ಕಂಪ್ಯೂಟರಿನ ಪಾಸ್‌ವರ್ಡನ್ನು ನನಗೆ ಹೇಳಿದಳು. ತಾನು ಇಲ್ಲದಾಗ ಸರ್ವರ್ ಬಿದ್ದರೆ ನಿಮಗೆ ಬೇಕಾಗ್ತದೆ ಮೇಡಂ, ಅಣ್ಣಾರಿಗೆ ಹೇಳಬ್ಯಾಡ್ರಿ ಅಂದಳು. ಗಂಗಾಧರಪ್ಪನವರನ್ನು ನಾವಿಬ್ಬರೂ ಅಣ್ಣಾರು ಅಂತಲೇ ಕರೆಯುವುದು.

ಈ ಸಲದ ಪಿತೃಪಕ್ಷ ಶುರುವಾಗಿ ಒಂದು ವಾರವಾಗಿತ್ತು. ನಮ್ಮ ಪ್ಯಾಕೇಜುಗಳ ತಪಾಸಣೆ ಓಡಿಸಿದೆ. ಮೂವತ್ತೇಳು ಎಚ್ಚರಿಕೆ ಬಂದವು. ಒಂದಂತೂ ನಿಜಕ್ಕೂ ಅಪಾಯದ್ದು. ಪಿಡಿಎಫ್ ಓದುವ ಪ್ಯಾಕೇಜಿನಲ್ಲಿ ತೂತಿತ್ತು, ಯಾರಾದರೂ ಕಿಡಿಗೇಡಿ ಫೈಲನ್ನು ರಿಪೋರ್ಟಿನ ಹೆಸರಿನಲ್ಲಿ ಹಾಕಿದರೆ ಸರ್ವರಿನೊಳಗೇ ಕಾಲಿಡಬಹುದಿತ್ತು. ಪ್ರಿಂಟ್ ತೆಗೆದು ಗಂಗಾಧರಪ್ಪನವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಮೊದಲು ನೋಡಿದ್ದು ಕಾಗದವನ್ನಲ್ಲ, ಕ್ಯಾಲೆಂಡರನ್ನು.

"ಪಕ್ಷ ನಡೀತೈತಲ್ಲಮ್ಮ. ಹೊಸ ಸಾಮಾನು ಒಳಗೆ ತರಂಗಿಲ್ಲ. ಅಮಾಸೆ ಕಳೀಲಿ, ಪಾಡ್ಯದ ದಿನ ಮಾಡ್ರಿ."

ಹಿರಿಯರ ಎಡೆಗೆ ಇಡಲು ಹಿಂದಿನ ದಿನವಷ್ಟೇ ಅವರು ಹೊಸ ಪಂಚೆ ತಂದಿದ್ದರು. ಅದರ ಚೀಲ ಅವರ ಕಾಲ ಬುಡದಲ್ಲೇ ಇತ್ತು. ತೋರಿಸಿದೆ. ಅದು ಹಿರಿಯರಿಗೆ, ಅದಕ್ಕೆ ದೋಷವಿಲ್ಲ ಅಂದರು. ಸತ್ತವರಿಗೆ ಹೊಸ ಪಂಚೆ ಬರಬಹುದು, ಬದುಕಿರುವವರ ರಿಪೋರ್ಟು ಕಾಯಲು ಹೊಸ ಪ್ಯಾಕೇಜ್ ಬರಬಾರದು. ಈ ಶಾಸ್ತ್ರ ಬರೆದವನನ್ನು ಒಮ್ಮೆ ನೋಡಬೇಕು ನಾನು.

ಹೊರಗೆ ಬಂದು ಪಲ್ಲವಿಯ ಹತ್ತಿರ ಹಾರಾಡಿದೆ. ಅವಳು ಕೇಳಿಸಿಕೊಂಡು, ಆ ಒಂದು ಪಿಡಿಎಫ್ ಪ್ಯಾಕೇಜನ್ನು ಮಾತ್ರ ಹಾಕಾಣ ಮೇಡಂ ಅಂದಳು. ಅದರ ಹೊಸ ಆವೃತ್ತಿ ಬಂದು ತಿಂಗಳಾಗಿದೆ, ಸಾವಿರಾರು ಜನ ಹಾಕಿ ನೋಡಿದ್ದಾರೆ, ಅಣ್ಣಾರನ್ನು ತಾನು ಒಪ್ಪಿಸುತ್ತೇನೆ. ಮಿಕ್ಕವಕ್ಕೆ ಅವಸರವಿಲ್ಲ. ಯಾವ ಹೊಸ ಆವೃತ್ತಿಯಾದರೂ ಬಂದು ಒಂದು ವಾರ ಕಳೆಯಲಿ, ಅದರಲ್ಲಿ ಏನಾದರೂ ಕೆಟ್ಟದ್ದು ಸೇರಿದ್ದರೆ ಅಷ್ಟರಲ್ಲಿ ಯಾರಾದರೂ ಕಂಡುಹಿಡಿಯುತ್ತಾರೆ, ಆಮೇಲೆ ಒಂದೊಂದಾಗಿ ತರೋಣ. ಬೀಗದ ಫೈಲನ್ನಂತೂ ಮುಟ್ಟಬಾರದು. ಬೀಗದ ಫೈಲು ಅಂದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ನಮ್ಮಲ್ಲಿದೆ ಎಂದು ಬರೆದಿಟ್ಟ ಪಟ್ಟಿ. ಅದು ಇರುವ ತನಕ ಪಟ್ಟಿಯಲ್ಲಿದ್ದದ್ದೇ ಬರುತ್ತದೆ, ಇಲ್ಲದಿದ್ದರೆ ಹೊಸದೆಲ್ಲ ಕೇಳದೆ ನುಗ್ಗುತ್ತದೆ.

ಈಗ ಬರೆಯುವಾಗ ಅವಳ ಒಂದೊಂದು ಮಾತೂ ಸರಿಯಾಗಿ ಕಾಣುತ್ತಿದೆ. ಅವತ್ತು ನನಗೆ ಕೇಳಿಸಿದ್ದು ಒಂದೇ: ಕಾಯಬೇಕು. ಒಳಗೆ ಕೂತವರು ಪಕ್ಷದ ಹದಿನೈದು ದಿನ ಕಳೆಯುವ ತನಕ ಕಾಯಿ ಅಂತಾರೆ, ಹೊರಗಿರುವವಳು ಏಳು ದಿನ ಕಾಯಿ ಅಂತಾಳೆ. ಅವರದು ಪಂಚಾಂಗ, ಇವಳದು ವಾರದ ವ್ರತ. ಎರಡೂ ಒಂದೇ ಹೆದರಿಕೆಯ ಎರಡು ವೇಷ ಎಂದುಕೊಂಡೆ. ಹೊಸದು ಬಂದ ದಿನವೇ ಹಾಕುವವಳು ನಾನು, ಹಳೆಯದು ಇಟ್ಟಷ್ಟೂ ಹಳಸುತ್ತದೆ ಎಂದು ಅವಳ ಮುಖಕ್ಕೆ ಹೇಳಿದೆ. ಓದಿ ಓದಿ ನೀನು ಪುರೋಹಿತರ ಮನೆಗೆ ಸೊಸೆಯಾಗಿ ಹೋಗಲು ಲಾಯಕ್ಕು ಎಂದೂ ಸೇರಿಸಿದೆ. ಅವಳು ನಕ್ಕು ತನ್ನ ಕೆಲಸಕ್ಕೆ ಮರಳಿದಳು, ಪಿಡಿಎಫ್ ಪ್ಯಾಕೇಜಿನ ಮಾತೂ ಅಲ್ಲಿಗೇ ನಿಂತಿತು.

ಅಮಾವಾಸ್ಯೆಯ ದಿನ ಗಂಗಾಧರಪ್ಪನವರ ಮನೆಯಲ್ಲಿ ಎಡೆ. ಆಫೀಸಿನವರೆಲ್ಲ ಊಟಕ್ಕೆ ಹೋಗಲೇಬೇಕು, ಅದು ವರ್ಷ ವರ್ಷದ ಪದ್ಧತಿ. ಎಲ್ಲ ಅಂದರೆ ನಾವಿಬ್ಬರು. ಬಡಿಸಲು ಕೈ ಸಾಲದು ಎಂದು ಅವರ ಹೆಂಡತಿ ಶಿವಗಂಗಮ್ಮ ಪಲ್ಲವಿಯನ್ನು ಹನ್ನೆರಡೂವರೆಗೇ ಕರೆಸಿಕೊಂಡರು. ನಾನು ತಲೆನೋವು ಅಂತ ಹೇಳಿ ಉಳಿದೆ. ಸುಳ್ಳೇನಲ್ಲ, ಆ ಮನೆಯನ್ನು ನೆನೆದರೆ ನನಗೆ ತಲೆ ನೋಯುತ್ತದೆ.

ಮಧ್ಯಾಹ್ನ ಒಂದೂ ನಲವತ್ತಕ್ಕೆ ನಾನು ಪಲ್ಲವಿಯ ಕುರ್ಚಿಯಲ್ಲಿ ಕೂತೆ. ಅವಳು ನಂಬಿ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿದೆ. ಪಿಡಿಎಫ್ ಪ್ಯಾಕೇಜನ್ನು ಮಾತ್ರ ಹಾಕಿ ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಹೊತ್ತು ನನಗೆ ಬೇಕಾಗಿದ್ದದ್ದು ಸುರಕ್ಷತೆಯಲ್ಲ. ಆ ಮನುಷ್ಯ ಎಲೆಯ ಮುಂದೆ ಕೂತು ಸತ್ತವರಿಗೆ ಕೈ ಮುಗಿಯುತ್ತಿರುವ ಗಳಿಗೆಯಲ್ಲೇ, ಅವರ ಆಫೀಸಿನೊಳಗೆ, ಅವರ ಶಾಸ್ತ್ರಕ್ಕೆ ಎದುರಾಗಿ, ಹೊಸ ಸಾಮಾನನ್ನು ಮೂಟೆ ಮೂಟೆಯಾಗಿ ಇಳಿಸಬೇಕಿತ್ತು. ಬೀಗದ ಫೈಲನ್ನು ಅಳಿಸಿದೆ. ಒಂದು ಸಾಲಿನ ಆದೇಶ ಕೊಟ್ಟೆ. ಒಂಬೈನೂರು ಪ್ಯಾಕೇಜೂ ತಮ್ಮ ತಮ್ಮ ಹೊಚ್ಚಹೊಸ ಆವೃತ್ತಿಯಲ್ಲಿ ಬಂದು ಕೂತವು. ಏನೇನು ಬಂತು ಎಂದು ಒಂದನ್ನೂ ಓದಲಿಲ್ಲ. ತಪಾಸಣೆ ಓಡಿಸಿದರೆ ಎಚ್ಚರಿಕೆ ಸೊನ್ನೆ. ರಿಪೋರ್ಟುಗಳು ತೆರೆಯುತ್ತಿದ್ದವು. ಸರ್ವರಿಗೆ ಕಳಿಸಿ, ಕೆಳಗಿನ ಹೋಟೆಲಿಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದೆ. ಅಷ್ಟು ರುಚಿಯಾದ ಮೆಣಸಿನಕಾಯಿ ಬಹಳ ದಿನದಿಂದ ತಿಂದಿರಲಿಲ್ಲ.

ಪಲ್ಲವಿ ಮೂರೂವರೆಗೆ ನನಗೆಂದು ಡಬ್ಬಿಯಲ್ಲಿ ಹೋಳಿಗೆ ತಂದಳು. ಕಂಪ್ಯೂಟರ್ ತೆರೆದ ಐದು ನಿಮಿಷಕ್ಕೆ ಅವಳಿಗೆ ತಿಳಿಯಿತು. ನೀವು ಮಾಡಿದ್ರಾ ಮೇಡಂ ಎಂದು ಮೆಲ್ಲಗೆ ಕೇಳಿದಳು. ಹೌದು, ಏನೀಗ ಅಂದೆ. ಬೀಗದ ಫೈಲ್ ಅಳಿಸೀರಾ ಅಂದಳು. ಹೌದು ಅಂದೆ. ವಾಪಸ್ ಮೊದಲಿನ ಹಾಗೆ ಮಾಡಿಬಿಡ್ತೀನಿ, ಆ ಪಿಡಿಎಫ್‌ನದು ಮಾತ್ರ ಇಟ್ಕೊಳಾಣ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಬೇಡ ಅಂದೆ. ನಾನು ಅವಳಿಗಿಂತ ಹದಿನೆಂಟು ವರ್ಷ ದೊಡ್ಡವಳು, ಅವಳಿಗೆ ಕೆಲಸ ಕಲಿಸಿದವಳು. ಅವಳು ಮತ್ತೆ ಕೇಳಲಿಲ್ಲ. ಗಂಗಾಧರಪ್ಪನವರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಿರಿಯೂರಿನಿಂದ ರೇವಣಸಿದ್ದಪ್ಪನವರ ಫೋನು ಬಂತು. ಹೈವೇ ಬಸ್ಸು ನಿಲ್ಲುವ ಕಡೆ ಲ್ಯಾಬ್ ಇಟ್ಟಿರುವವರು, ನಮ್ಮ ಹನ್ನೊಂದು ಲ್ಯಾಬುಗಳಲ್ಲಿ ದೊಡ್ಡದು ಅವರದೇ. ಅವರ ಲ್ಯಾಬಿನ ನಾಲ್ಕು ಸಾವಿರ ರಿಪೋರ್ಟುಗಳು ಯಾವುದೋ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಬಿದ್ದಿದ್ದವು. ಊರಿನವರು ಅದನ್ನು ಹುಡುಕಿ ತೆಗೆದು ವಾಟ್ಸಾಪಿನಲ್ಲಿ ಹಂಚಿಕೊಳ್ಳುತ್ತಿದ್ದರು. ಯಾರಿಗೆ ಸಕ್ಕರೆ, ಯಾರ ಕಿಡ್ನಿ ಕೆಟ್ಟಿದೆ, ಯಾವ ಹುಡುಗಿ ಯಾವ ತಿಂಗಳು ಯಾಕೆ ಪರೀಕ್ಷೆ ಮಾಡಿಸಿದಳು. ಕಂಪ್ಯೂಟರ್ ಆಫ್ ಮಾಡಲು ಬಾರದ ಊರಿಗೆ ಪರರ ಗುಟ್ಟು ಹುಡುಕುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮಗಳ ರಿಪೋರ್ಟು ಹಾಗೆ ಹರಿದಾಡಿದ ಒಬ್ಬ ತಂದೆ ಲ್ಯಾಬಿನ ಬಾಗಿಲಲ್ಲಿ ಕೂತು ಏಳುತ್ತಿಲ್ಲ ಎಂದು ರೇವಣಸಿದ್ದಪ್ಪ ಹೇಳಿದರು.

ನಾನು ಕಳ್ಳರನ್ನು ಬೈಯುತ್ತ ಕೂತಿದ್ದೆ. ಎಲ್ಲಿ ತಪ್ಪಿತು ಎಂದು ಕಂಡುಹಿಡಿದವಳು ಪಲ್ಲವಿ. ಮೊದಲು ಎಲ್ಲ ಕೀಲಿ ಬದಲಾಯಿಸಿದಳು, ಹಳೆಯ ಬೀಗದ ಫೈಲನ್ನು ವಾಪಸ್ ಹಾಕಿದಳು, ಆಮೇಲೆ ಓದಲು ಕೂತಳು. ಅಕ್ಷರಕ್ಕೆ ಬಣ್ಣ ಬಳಿಯುವ ಆ ಸಣ್ಣ ಪ್ಯಾಕೇಜು, ಹನ್ನೆರಡು ಸಾಲಿನದು, ಅದನ್ನು ಬರೆದವನ ಖಾತೆಯನ್ನೇ ಯಾರೋ ಸುಳ್ಳು ಮೇಲ್ ಕಳಿಸಿ ಕದ್ದಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ಅವನ ಹೆಸರಿನಲ್ಲಿ ಕಳ್ಳ ಆವೃತ್ತಿಯೊಂದನ್ನು ಬಿಟ್ಟಿದ್ದರು. ಅದು ಒಳಗೆ ಬಂದ ತಕ್ಷಣ ಆ ಕಂಪ್ಯೂಟರಿನಲ್ಲಿರುವ ಕೀಲಿಗಳನ್ನೆಲ್ಲ ಹುಡುಕಿ ಹೊರಗೆ ಕಳಿಸುತ್ತದೆ. ಆ ಕೀಲಿ ಹಿಡಿದೇ ಕಳ್ಳರು ನಮ್ಮ ಸರ್ವರಿಗೆ ನುಗ್ಗಿ, ದೊಡ್ಡ ಲ್ಯಾಬಿನ ರಿಪೋರ್ಟುಗಳನ್ನು ಎತ್ತಿಕೊಂಡಿದ್ದರು. ಸಂಜೆಯ ಹೊತ್ತಿಗೆ ಯಾರೋ ಕಂಡು ಅದನ್ನು ತೆಗೆಸಿದ್ದರು. ಅದು ಲೋಕದಲ್ಲಿ ಇದ್ದದ್ದು ಆರೇ ಗಂಟೆ. ಆ ಆರು ಗಂಟೆಯೊಳಗೆ ಅದನ್ನು ಕರೆದು ಮಣೆ ಹಾಕಿದವಳು ನಾನು. ಒಂದು ವಾರ ಬೇಡ, ಒಂದು ರಾತ್ರಿ ಕಾದಿದ್ದರೂ ಸಾಕಿತ್ತು.

ಅವಳು ಇದನ್ನೆಲ್ಲ ನನಗೆ ತೋರಿಸಿದಳು, ದನಿಯಲ್ಲಿ ಯಾವ ಕೊಂಕೂ ಇಲ್ಲದೆ. ಯಾರಿಗೆ ಹೇಳಬೇಕು ಎಂಬುದನ್ನು ನನಗೇ ಬಿಟ್ಟಳು.

ಸೋಮವಾರ ರೇವಣಸಿದ್ದಪ್ಪನವರೇ ಬಂದರು. ಅವರು ಬೈಯಲಿಲ್ಲ, ಕಾಫಿ ಮುಟ್ಟಲಿಲ್ಲ. ಪೊಲೀಸರಿಗೆ ದೂರು ಕೊಡಬೇಕು, ಅದರ ಜೊತೆ ನಮ್ಮ ಆಫೀಸಿನದೊಂದು ಪತ್ರ ಬೇಕು, ತಪ್ಪು ಯಾರದು ಎಂದು ಅದರಲ್ಲಿ ಬರೆದಿರಬೇಕು ಅಂದರು. ಗಂಗಾಧರಪ್ಪನವರು ತಾಂತ್ರಿಕ ದೋಷ ಅಂತೇನೋ ಶುರು ಮಾಡಿದರು.

"ಮಿಷನ್ ತಪ್ಪು ಅಂದ್ರೆ ನಮ್ಮೂರಾಗೆ ಯಾರೂ ಕೇಳಂಗಿಲ್ಲ ಗಂಗಾಧರಪ್ಪಾರೆ. ಬಾಗಿಲಾಗೆ ಕುಂತೋನಿಗೆ ನಾನೇನು ಹೇಳ್ಲಿ? ಒಂದು ಹೆಸರು ಕೊಡ್ರಿ."

ಗಂಗಾಧರಪ್ಪನವರು ಪ್ರಿಂಟ್ ತೆಗೆಸಿದ್ದ ಸರ್ವರಿನ ದಾಖಲೆಯನ್ನು ಮೇಜಿನ ಮೇಲೆ ಬಿಡಿಸಿದರು. ಬೆರಳಿಟ್ಟು ಗಟ್ಟಿಯಾಗಿ ಓದಿದರು: ಅಮಾವಾಸ್ಯೆಯ ದಿನ, ಮಧ್ಯಾಹ್ನ ಒಂದೂ ನಲವತ್ತು, ಹೆಸರು ಪಲ್ಲವಿ. ಆಮೇಲೆ ರೇವಣಸಿದ್ದಪ್ಪನವರ ಕಡೆ ತಿರುಗಿ ಪ್ರವಚನ ಶುರು ಮಾಡಿದರು. ಪಕ್ಷದಲ್ಲಿ ಹೊಸ ಸಾಮಾನು ತರಬ್ಯಾಡ್ರಿ ಅಂತ ಬಡ್ಕೊಂಡೆ, ಈಗಿನವರು ಕೇಳಲ್ಲ, ಹಿರಿಯರು ಸುಮ್ಮನೆ ಮಾಡಿಟ್ಟಿದ್ದಾರಾ ಇದನ್ನೆಲ್ಲ. ರೇವಣಸಿದ್ದಪ್ಪನವರು ತಲೆದೂಗಿದರು. ಅವರಿಗೆ ಇದು ಕಳ್ಳ ಪ್ಯಾಕೇಜಿನ ವಿಷಯಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಆ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ರೇವಣಸಿದ್ದಪ್ಪನವರನ್ನು ಬಿಟ್ಟರೆ ಮೂವರಿಗೂ ನಿಜ ಗೊತ್ತಿತ್ತು. ಒಂದೂ ನಲವತ್ತಕ್ಕೆ ಪಲ್ಲವಿ ಗಂಗಾಧರಪ್ಪನವರ ಮನೆಯಲ್ಲಿದ್ದಳು, ಅವರ ಪಂಕ್ತಿಗೇ ಬಡಿಸುತ್ತಿದ್ದಳು. ಅವರೇ ಅದನ್ನು ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಹೇಳಲಿಲ್ಲ. ನಾನು ಹೇಳಬೇಕಾಗಿದ್ದದ್ದು ಮೂರು ಮಾತು: ಮಾಡಿದ್ದು ನಾನು ರೀ.

ಕೆಲಸ ಹೋಗುತ್ತದೆ ಎಂಬ ಹೆದರಿಕೆ ನನಗಿರಲಿಲ್ಲ, ಅದನ್ನು ಪ್ರಮಾಣ ಮಾಡಿ ಹೇಳುತ್ತೇನೆ. ನನಗೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತಿತ್ತು. ಬಾಯಿ ಕಟ್ಟಿದ್ದು ಗಂಗಾಧರಪ್ಪನವರ ಮುಖ. ನಾನು ಒಪ್ಪಿಕೊಂಡ ಗಳಿಗೆ ಆ ಮುಖ ಹೇಗೆ ಅರಳುತ್ತದೆ ಎಂದು ಕಣ್ಣಿಗೆ ಕಟ್ಟಿತು. ಹದಿಮೂರು ವರ್ಷ ಪಂಚಾಂಗವನ್ನು ನೋಡಿ ಮೂಗು ಮುರಿದವಳು ಪಂಚಾಂಗ ಮೀರಿ ಹಾಳಾದಳು ಎಂದು ದುರ್ಗದಿಂದ ಹೊಸದುರ್ಗದವರೆಗೆ ಹೇಳಿಕೊಂಡು ತಿರುಗುತ್ತಾರೆ. ಸರಿಯಾಗಿದ್ದದ್ದು ಪಲ್ಲವಿಯ ಏಳು ದಿನ, ನಿಮ್ಮ ಹದಿನೈದು ದಿನ ಅಲ್ಲ, ಪಾಡ್ಯದ ದಿನ ಬರುವ ಕಳ್ಳನನ್ನೂ ನೀವು ಮಂಗಳಾರತಿ ಮಾಡಿ ಒಳಗೆ ಬಿಡುತ್ತಿದ್ದಿರಿ ಎಂದು ಇವರಿಗೆ ತಿಳಿಸಿ ಹೇಳುವುದು ಹೇಗೆ? ಕೋಣನ ಮುಂದೆ ಕಿನ್ನರಿ. ಹಾಗಂತ ನನಗೆ ನಾನೇ ಹೇಳಿಕೊಂಡು ಕೂತೆ.

ಆಗ ಪಲ್ಲವಿ ಮಾತಾಡಿದಳು. ನನ್ನ ಕಡೆ ನೋಡಲಿಲ್ಲ.

"ಕೀಲಿ ನನ್ನ ಹತ್ರ ಇತ್ತು ಸರ್. ಪಾಸ್‌ವರ್ಡ್ ಗುಟ್ಟಾಗಿ ಇಟ್ಕೊಳ್ಳೋದು ನನ್ನ ಜವಾಬ್ದಾರಿ ಆಗಿತ್ತು, ಇಟ್ಕೊಳ್ಳಲಿಲ್ಲ."

ಅಷ್ಟು ಹೇಳಿ ನಿಲ್ಲಿಸಿದಳು. ಅದರ ಮುಂದಿನ ಮಾತನ್ನು ನನಗಾಗಿ ಖಾಲಿ ಬಿಟ್ಟಿದ್ದಳು ಎಂದು ಗೊತ್ತಾಯಿತು. ನಾನು ಅದನ್ನು ತುಂಬಲಿಲ್ಲ.

ಪತ್ರ ನೀವೇ ಬರೀರಿ ಉಷಮ್ಮ, ನಿಮ್ಮ ಭಾಷೆ ಚೆಂದ ಎಂದರು ಗಂಗಾಧರಪ್ಪನವರು. ನಾನು ನನ್ನ ಜಾಗಕ್ಕೆ ಹೋಗಿ ಬರೆದೆ. ಮೊದಲ ಸಲ ನನ್ನ ಹೆಸರನ್ನೇ ಹಾಕಿದೆ, ಅದೂ ನಿಜ. ಒಳಗಿನಿಂದ ಗಂಗಾಧರಪ್ಪನವರ ದನಿ ಕೇಳುತ್ತಿತ್ತು, ಪಾಡ್ಯ ಬಿದಿಗೆ ಅಂತ ಇನ್ನೂ ಏನೇನೋ ಹೇಳುತ್ತಿದ್ದರು. ಆ ದನಿ ಕೇಳಿಸುತ್ತಲೇ ಹೆಸರು ಅಳಿಸಿ ಪಲ್ಲವಿ ಎಂದು ಬರೆದೆ. 'ಅನುಭವದ ಕೊರತೆಯಿಂದ, ಮೇಲಿನವರ ಅನುಮತಿಯಿಲ್ಲದೆ' ಎಂದು ಒಂದು ಸಾಲನ್ನೂ ಸೇರಿಸಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತಾರೆ. 'ಅನುಭವದ ಕೊರತೆ' ಅಂತ ಬರೆಯುವಷ್ಟು ಸೊಕ್ಕು ಆ ಕೋತಿಗೂ ಇರಲಿಲ್ಲ.

ಪಲ್ಲವಿ ಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕಿದಳು. ಇನ್ನು ಕಾಯಂ ಕೆಲಸದ ಮಾತಿಲ್ಲ, ನಾಳೆಯಿಂದ ಬರುವುದು ಬೇಡ ಎಂದರು ಗಂಗಾಧರಪ್ಪನವರು. ಪೊಲೀಸರು ಕರೆದಾಗ ಹಿರಿಯೂರಿಗೆ ಹೋಗಬೇಕು. ಈ ಕೆಲಸದಲ್ಲಿ ಇರುವ ತನಕ ಎಲ್ಲಿ ಅರ್ಜಿ ಹಾಕಿದರೂ ಈ ಕಾಗದ ಅವಳ ಹಿಂದೆ ಬರುತ್ತದೆ. ಅವಳು ಮೇಜಿನ ಸಾಮಾನು ಎತ್ತಿಟ್ಟುಕೊಳ್ಳುವಾಗ ಹತ್ತಿರ ಹೋಗಿ ಏನೋ ಹೇಳಬೇಕೆಂದು ನಿಂತೆ. ಪಿಡಿಎಫ್‌ನ ಪ್ಯಾಕೇಜ್ ಇವತ್ತು ಹಾಕಿಬಿಟ್ಟೀನಿ ಮೇಡಂ, ಅದರ ಚಿಂತೆ ಇಲ್ಲ ಅಂದಳು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ರೇವಣಸಿದ್ದಪ್ಪನವರೂ ಪತ್ರವನ್ನು ಮಡಿಚಿ ಜೇಬಿಗಿಟ್ಟು ಹೋದರು.

ಗಂಗಾಧರಪ್ಪನವರು ನನ್ನನ್ನು ಒಳಗೆ ಕರೆದರು. ಕುಂತ್ಕಳ್ರಿ ಅಂದರು. ಕೂತೆ. ಈಗ ಪಂಚಾಂಗದ ಇನ್ನೊಂದು ಅಧ್ಯಾಯ ಶುರುವಾಗುತ್ತದೆ ಎಂದುಕೊಂಡೆ. ಅವರ ದನಿ ಬೇರೆಯಾಗಿತ್ತು.

"ಆ ಹುಡುಗಿ ಅವತ್ತು ಆ ಹೊತ್ತಿನಾಗೆ ನನಗೆ ಪಾಯಸ ಬಡಿಸ್ತಿದ್ಲು. ಅದು ನನಗೂ ಗೊತ್ತು, ನಿಮಗೂ ಗೊತ್ತು. ಅವಳು ಹೋದ್ರೆ ಇನ್ನೊಬ್ಬಳು ಸಿಗ್ತಾಳೆ, ನೀವು ಹೋದ್ರೆ ಹನ್ನೊಂದು ಲ್ಯಾಬೂ ಹೋಗ್ತವೆ. ಅದಕ್ಕೆ ನಾನು ಬಾಯಿ ಮುಚ್ಕೊಂಡು ಕುಂತೆ. ನಂದು ಬಿಡ್ರಿ, ನಾನು ಕಾಯಿ ವ್ಯಾಪಾರ ಮಾಡಿದೋನು. ನೀವ್ಯಾಕೆ ಸುಮ್ನಿದ್ರಿ ಉಷಮ್ಮ?"

ಕೊಂಕಿಗೆ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು. ನಿಮ್ಮೆದುರು ಸೋಲಬಾರದು ಅಂತ. ಅದನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿ ನೋಡಿಕೊಂಡೆ. ರೌಟರಿಗೆ ವಿಭೂತಿ ಹಚ್ಚುವವನು ಕೂಡ ಅಷ್ಟು ಸಣ್ಣ ಕಾರಣಕ್ಕೆ ಒಂದು ಹೆಣ್ಣುಮಗಳ ಹೆಸರು ಕೆಡಿಸುತ್ತಿರಲಿಲ್ಲ.

ಗೊತ್ತಿಲ್ಲ ಅಣ್ಣಾರೆ, ಅಂದೆ.

ಹದಿಮೂರು ವರ್ಷ ನಾನು ಅವರನ್ನು ಹೇಗೆ ನೋಡಿದ್ದೆನೋ, ಹಾಗೆ ಅವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ, ಸರಿ, ಕೆಲಸ ನೋಡ್ಕಳ್ರಿ ಅಂದರು. ನಾನು ಎದ್ದು ಬಂದು ಕೆಲಸ ನೋಡಿಕೊಂಡೆ.